ಪೂಜೆಗೆ ಕೂತ ಬೂಟು

ಊದ್ ಮೇಥಾ: ಗೇಟು ಉಂಟು, ಗೇಟಿನವರಿಲ್ಲ

ದುಬೈಗೆ ಹೋಗಿ ಬಂದವರೆಲ್ಲ ಮುಗಿಲು ಮುಟ್ಟುವ ಕಟ್ಟಡದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಜೊತೆ ಹಳೆಯ ಫುಟ್‌ಬಾಲ್ ಬೂಟಿನ ಫೋಟೊ. ಅದರ ಮೂತಿಗೆ ಅರಿಶಿನ ಕುಂಕುಮ, ಲೇಸಿನ ಸಂದಿಯಲ್ಲಿ ಒಂದು ಸೇವಂತಿಗೆ. ನೋಡಿದವರು, ಅಷ್ಟು ದೂರ ಹೋಗಿ ಬೂಟಿನ ಫೋಟೊ ತೆಗೆದುಕೊಂಡು ಬಂದಿದ್ದೀಯಲ್ಲ ನಾಗರತ್ನ ಎಂದು ನಗುತ್ತಾರೆ. ನಗಲಿ ಬಿಡಿ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಕಡೂರಿನ ಕಡೆಯ ಒಂದು ರೈಲ್ವೆ ಗೇಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಯಜಮಾನರು ಹಳಿಯ ಮೇಲೆ ಗ್ಯಾಂಗಿನ ಕೆಲಸದಲ್ಲಿದ್ದರು. ಅವರು ಹೋದ ಮೇಲೆ ಕೆಲಸ ನನಗೆ ಬಂತು. ಸ್ಟೇಷನ್ನಿನಿಂದ ಫೋನ್ ಬಂದರೆ ಗೇಟು ಹಾಕುವುದು, ಬಾವುಟ ಹಿಡಿದು ನಿಲ್ಲುವುದು, ರೈಲು ದಾಟಿದ ಮೇಲೆ ಗೇಟು ತೆಗೆಯುವುದು, ರಿಜಿಸ್ಟರಿನಲ್ಲಿ ಬರೆಯುವುದು. ಪ್ರತಿ ಪಾಳಿಯ ಕೊನೆಗೆ ‘ವಿಶೇಷವೇನಿಲ್ಲ’ ಎಂದು ಬರೆದು ಸಹಿ ಹಾಕಬೇಕು. ಅಷ್ಟು ವರ್ಷವೂ ನಾನು ಅದನ್ನೇ ಬರೆದೆ. ನಿವೃತ್ತಿಯ ದಿನ ಸಾಹೇಬರು ಹಾರ ಹಾಕಿ, ಇವರ ಗೇಟಿನಲ್ಲಿ ಒಂದು ಸಣ್ಣ ಅವಘಡವೂ ಆಗಿಲ್ಲ ಎಂದು ಹೊಗಳಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಇಂಥವಳನ್ನು ತಂಗಿ ಸುಮ ದುಬೈ ಮೆಟ್ರೊ ಹತ್ತಿಸಿದಳು. ಮುಂದಿನ ಗಾಜಿನ ಬಳಿ ನಿಲ್ಲಿಸಿ, ನೋಡಕ್ಕ ಎಂದಳು. ನೋಡಿದೆ. ಡ್ರೈವರ್ ಇಲ್ಲ. ಪ್ಲಾಟ್‌ಫಾರಂ ಉದ್ದಕ್ಕೂ ಗಾಜಿನ ಬಾಗಿಲು, ತಾವೇ ತೆರೆಯುತ್ತವೆ, ತಾವೇ ಮುಚ್ಚುತ್ತವೆ. ಇಷ್ಟೊಂದು ಗೇಟು, ಒಬ್ಬ ಗೇಟಿನವರಿಲ್ಲ! ಯಾರು ಬಾವುಟ ತೋರಿಸುತ್ತಾರೆ ಎಂದು ಕೇಳಿದೆ. ಪಕ್ಕದಲ್ಲಿದ್ದ ಸುಮಳ ಮಗಳು ಅನಘ, ಹದಿಮೂರರ ಹುಡುಗಿ, ‘ದೊಡ್ಡಮ್ಮ, ಪ್ಲೀಸ್, ಸ್ಲೋ ಆಗಿ ಮಾತಾಡಿ, ಎವರಿಬಡಿ ನೋಡ್ತಿದಾರೆ’ ಅಂದಳು. ನೋಡಲಿ ಎಂದು ನಾನು ಇನ್ನೂ ಸ್ವಲ್ಪ ಜೋರಾಗಿಯೇ ಕೇಳಿದೆ.

ಸುಮ ಊದ್ ಮೇಥಾದ ಒಂದು ಶಾಲೆಯಲ್ಲಿ ಗಣಿತದ ಟೀಚರು. ಅವಳ ಗಂಡ ಹಡಗಿನ ಕೆಲಸದಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲೆ. ಮನೆಗೆ ಹೋಗಿ ನೋಡಿದರೆ ನನಗೆ ಕೊಟ್ಟ ರೂಮಿನಲ್ಲಿ ಎರಡು ಮಂಚ, ಒಂದರ ಮೇಲೆ ಆಗಲೇ ಒಬ್ಬಳು ಕೂತಿದ್ದಾಳೆ. ಜಪಾನಿನವಳು, ಹೆಸರು ಚಿಯೊ. ವಯಸ್ಸು ಮೂವತ್ತೆಂಟು, ಕತ್ತರಿಸಿದ ಕೂದಲು, ಬಲ ಮೊಣಕಾಲಿನ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ಅನಘಳಿಗೆ ಫುಟ್‌ಬಾಲ್ ಕಲಿಸುವ ಕೋಚ್ ಇವಳೇ. ಅಬುಧಾಬಿಯ ಒಂದು ಕ್ಲಬ್ಬಿಗೆ ತಾನೂ ಆಡುತ್ತಾಳೆ. ಮೇಲಿನ ಮಹಡಿಯ ಅವಳ ಮನೆಯ ಅವಧಿ ಮುಗಿದಿತ್ತು. ಇನ್ನೊಂದೇ ಮ್ಯಾಚು, ಆಮೇಲೆ ಆಟವನ್ನೇ ಬಿಟ್ಟು ಊರಿಗೆ ವಾಪಸು. ಆ ಕೊನೆಯ ವಾರ ನಮ್ಮ ರೂಮಿನಲ್ಲಿ.

ನಾನು ಮುಖ ಗಂಟು ಹಾಕಿಕೊಂಡೆ, ಸುಳ್ಳೇಕೆ ಹೇಳಲಿ. ಆದರೆ ಮಾರನೆಯ ಬೆಳಿಗ್ಗೆ ಬಾಗಿಲ ಬಳಿ ನೋಡಿದರೆ ನನ್ನ ಚಪ್ಪಲಿ ಮೂತಿ ಹೊರಗೆ ಮಾಡಿಕೊಂಡು, ಜೋಡಿಯಾಗಿ, ಹೊರಡಲು ಸಿದ್ಧವಾಗಿ ನಿಂತಿತ್ತು. ಪಕ್ಕದಲ್ಲಿ ಸುಮಳದು, ಅನಘಳದು, ಕೊನೆಯಲ್ಲಿ ಅವಳದು. ರಾತ್ರಿ ಎಲ್ಲರೂ ಒದ್ದು ಬಿಟ್ಟಿದ್ದನ್ನು ಚಿಯೊ ಜೋಡಿಸಿಟ್ಟಿದ್ದಳು. ಗೇಟಿನ ಗುಡಿಸಲಿನಲ್ಲಿ ನಾನೂ ಹಾಗೆಯೇ ಇಡುತ್ತಿದ್ದೆ, ಫೋನ್ ಬಂದಾಗ ಕಾಲು ತೂರಿಸಿ ಓಡುವುದಕ್ಕೆ. ಇವಳು ನಮ್ಮ ಪೈಕಿಯವಳೇ ಎಂದುಕೊಂಡೆ.

ಬರ್ ದುಬೈ: ಉರುಳಿದ ಬೂದುಗುಂಬಳ

ಆಯುಧಪೂಜೆಗೆ ಎರಡು ದಿನ ಇತ್ತು. ನಿವೃತ್ತಿಯಾದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ ಆಯುಧಪೂಜೆ. ನಡುವೆ ಯಾವ ರೈಲೂ ಬರುವುದಿಲ್ಲ, ಅಷ್ಟೋತ್ತರವನ್ನು ಪೂರ್ತಿ ಹೇಳಬಹುದು. ದುಬೈ ಆದರೇನು, ಬಿಡುವವಳಲ್ಲ. ಹೂವು, ನಿಂಬೆಹಣ್ಣು, ಬೂದುಗುಂಬಳ ಬೇಕೆಂದು ಹಟ ಹಿಡಿದೆ. ಸುಮಳಿಗೆ ಶಾಲೆ. ಕೊನೆಗೆ ಚಿಯೊ ನನ್ನನ್ನು ಕರೆದುಕೊಂಡು ಹೊರಟಳು. ಅನಘ ಭಾಷಾಂತರಕ್ಕೆ.

ತರಕಾರಿ ಸಿಕ್ಕಿದ್ದು ದೇರಾ ಕಡೆ, ಹೂವಿನಂಗಡಿ ಇರುವುದು ಈ ಕಡೆ ಬರ್ ದುಬೈನ ಗಲ್ಲಿಯಲ್ಲಿ. ನಡುವೆ ಊರೊಳಕ್ಕೆ ಚಾಚಿದ ಸಮುದ್ರದ ಖಾರಿ. ದಾಟಲು ಅಬ್ರಾ ಎನ್ನುವ ಮರದ ದೋಣಿ. ಅದರ ಮಧ್ಯೆ ಒಂದು ಹಲಗೆ, ಅಲ್ಲೇ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ಹಿಡಿದುಕೊಳ್ಳಲು ಏನೂ ಇಲ್ಲ. ನಾನು ಅನಘಳ ಜಡೆ ಹಿಡಿದುಕೊಂಡೆ. ಚಿಯೊ ಬೂದುಗುಂಬಳವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿದ್ದ ಒಬ್ಬ ಪಠಾಣ ಅವಳನ್ನೂ ಕುಂಬಳವನ್ನೂ ಸರದಿಯಂತೆ ನೋಡುತ್ತಿದ್ದ.

ದಡ ಸೇರಿ ಇಳಿಯುವಾಗ ನಾನು ಎಡವಿ ಅವಳ ತೋಳು ಹಿಡಿದೆ. ಕುಂಬಳ ಜಾರಿತು. ಇಳಿಜಾರಿನ ಕಲ್ಲುಹಾಸಿನ ಮೇಲೆ ದಡದಡ ಉರುಳಿ ನೀರಿನ ಕಡೆ ಹೊರಟಿತು. ನಾನು ಅಯ್ಯೋ ಎಂದು ಬಾಯಿ ತೆರೆದೆ. ಚಿಯೊ ಓಡಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕುಂಬಳ ಬರುವ ದಾರಿಗೆ ಮೊದಲೇ ಹೋಗಿ ನಿಂತು, ಪಾದದ ಒಳಬದಿಯಿಂದ ಮೆಲ್ಲಗೆ ತಡೆದಳು. ತಡೆದು, ಬಗ್ಗಿ, ಕುಂಬಳಕ್ಕೆ ತಲೆಬಾಗಿ, ಎತ್ತಿಕೊಂಡಳು. ಒಂದು ತರಚು ಗಾಯವೂ ಇಲ್ಲ.

ಅದನ್ನು ನೋಡಿದ ಮೇಲೆ ಈ ಆಟದಲ್ಲಿ ನಿನ್ನ ಕೆಲಸವೇನು ಎಂದು ಕೇಳಿದೆ. ಡಿಫೆಂಡರ್, ಹಿಂದೆ ನಿಲ್ಲುವವಳು ಎಂದು ಅನಘ ಹೇಳಿದಳು. ಗಲ್ಲಿಯಲ್ಲಿ ಹೂವು ಕಟ್ಟಿಸಿಕೊಳ್ಳುತ್ತ ಚಿಯೊ ತನ್ನ ಕಥೆ ಹೇಳಿದಳು. ಸಮುದ್ರದ ಪಕ್ಕದ ಪುಟ್ಟ ಊರು. ಅಮ್ಮನದು ತೋಫು ಅಂಗಡಿ, ಎಂದರೆ ಸೋಯಾ ಹಾಲಿನ ಪನೀರು. ಅಣ್ಣಂದಿರ ಆಟಕ್ಕೆ ಒಬ್ಬರು ಕಡಿಮೆಯಾದಾಗ ಇವಳನ್ನು ಎಳೆದುಕೊಂಡು ಹೋಗಿ, ಕೈಕಾಲಿಗೆ ಅಡ್ಡ ಬರಬೇಡ ಎಂದು ಹಿಂದೆ ನಿಲ್ಲಿಸಿದರಂತೆ. ಅವತ್ತಿನಿಂದ ಹಿಂದೆಯೇ. ದೊಡ್ಡವಳಾಗಿ ಕ್ಲಬ್ಬು ಸೇರಿದ ಮೇಲೂ ನಸುಕಿನಲ್ಲೆದ್ದು ತೋಫು ಕತ್ತರಿಸಿ, ಸಂಜೆ ಆಟ. ಒಂದೇ ಒಂದು ಸಲ ದೇಶದ ತಂಡಕ್ಕೆ ಕರೆ ಬಂತು. ಅಂಗಿ ಕೊಟ್ಟರು, ಬೆಂಚಿನ ಮೇಲೆ ಕೂರಿಸಿದರು, ಆಟ ಮುಗಿಯಿತು, ಅಂಗಿ ಮಡಿಸಿ ಮನೆಗೆ ತಂದಳು. ಮುಂದಿನ ವರ್ಷ ಮೊಣಕಾಲು ಹೋಯಿತು. ಆಪರೇಷನ್ ಆಗಿ ಬಲಗಾಲು ಒಂದು ಕೂದಲೆಳೆ ಗಿಡ್ಡವಾಯಿತು. ಅದಕ್ಕೇ ಬೂಟಿನೊಳಗೆ ಅವಳ ಪಾದಕ್ಕೆಂದೇ ಅಚ್ಚು ತೆಗೆದ ಒಂದು ಮೆತ್ತೆ. ಎಷ್ಟು ಗೋಲು ಹೊಡೆದಿದ್ದೀಯ ಎಂದೆ. ಚಿಯೊ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ, ನಕ್ಕಳು.

ಗೋಲಿಲ್ಲದಿದ್ದರೂ ಅವಳ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಜಪಾನಿನಲ್ಲಿ ಆಟಗಾರರೆಲ್ಲ ಆಟ ಮುಗಿದ ಮೇಲೆ ತಮ್ಮ ತಪ್ಪುಗಳನ್ನು ಬರೆದಿಡುತ್ತಾರಂತೆ. ಚಿಯೊ ಬರೆಯುವುದು ತನ್ನನ್ನು ದಾಟಿಹೋದ ಚೆಂಡುಗಳನ್ನು ಮಾತ್ರ. ಯಾವ ಆಟ, ಯಾವ ಕಡೆಯಿಂದ, ಏಕೆ. ತಡೆದ ಚೆಂಡುಗಳನ್ನು ಏಕೆ ಬರೆಯುವುದಿಲ್ಲ ಎಂದು ಕೇಳಿದೆ. ಅದು ಕೆಲಸ ಅಲ್ಲವೇ ಎಂದಳು. ನಾನು ನನ್ನ ರಿಜಿಸ್ಟರಿನ ವಿಷಯ ಹೇಳಿದೆ. ವಿಶೇಷವೇನಿಲ್ಲ ಎಂಬುದನ್ನು ಅನಘ ಮೂರು ಸಲ ಬಿಡಿಸಿ ಹೇಳಬೇಕಾಯಿತು. ಅರ್ಥವಾದಾಗ ಚಿಯೊ ಆ ಹೂವಿನ ಗಲ್ಲಿಯ ನಡುವೆಯೇ ನನಗೆ ಸೊಂಟದ ಮಟ್ಟಕ್ಕೆ ಬಗ್ಗಿ ನಮಸ್ಕಾರ ಮಾಡಿದಳು. ಇಪ್ಪತ್ತೊಂಬತ್ತು ವರ್ಷ ಒಂದೂ ಇಲ್ಲ, ಒಂದೂ ಇಲ್ಲ ಎಂದು ಹೇಳುತ್ತಲೇ ಇದ್ದಳು. ನಾನು ಹೂವಿನ ಪೊಟ್ಟಣ ಸರಿಮಾಡಿಕೊಂಡು, ತಡವಾಯಿತು ನಡೆಯಿರಿ ಎಂದೆ.

ತನ್ನ ಕೊನೆಯ ಮ್ಯಾಚಿನ ಪುಟ ಖಾಲಿ ಇರಬೇಕು ಎಂಬುದೊಂದೇ ಅವಳ ಆಸೆ. ವಾಪಸು ಮೆಟ್ರೊದಲ್ಲಿ ಅನಘ ಇದನ್ನು ನನ್ನ ಕಿವಿಯಲ್ಲಿ ಹೇಳಿದಳು.

ಊದ್ ಮೇಥಾ: ಆಯುಧಪೂಜೆ

ಹಿಂದಿನ ಸಂಜೆ ಚಿಯೊಗೆ ಹಬ್ಬದ ವಿಷಯ ವಿವರಿಸಿದೆ. ನಮ್ಮ ಅನ್ನ ನಡೆಸುವ ಸಾಮಾನಿಗೆ ವರ್ಷಕ್ಕೊಂದು ದಿನ ಪೂಜೆ ಎಂದೆ. ಅವಳ ಮುಖ ಅರಳಿತು. ಅವರ ಕಡೆಯೂ ಹೊಲಿಗೆಯವರು ವರ್ಷಕ್ಕೊಮ್ಮೆ ಮುರಿದ ಸೂಜಿಗಳನ್ನೆಲ್ಲ ದೇವಸ್ಥಾನಕ್ಕೆ ಒಯ್ದು ತೋಫುವಿನಲ್ಲಿ ಚುಚ್ಚಿಡುತ್ತಾರಂತೆ. ವರ್ಷವೆಲ್ಲ ಗಟ್ಟಿ ಬಟ್ಟೆ ಚುಚ್ಚಿದ ಸೂಜಿ ಕೊನೆಗೊಮ್ಮೆ ಮೆತ್ತಗಿನ ಜಾಗದಲ್ಲಿ ಮಲಗಲಿ ಎಂದು. ಆ ತೋಫು ಇವಳಮ್ಮನ ಅಂಗಡಿಯದು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಿನ್ನ ಬೂಟನ್ನೂ ಪೂಜೆಗೆ ಇಡುತ್ತೇನೆ ಎಂದುಬಿಟ್ಟೆ. ಚಿಯೊ ಎರಡೂ ಕೈಯಲ್ಲಿ ಬೂಟು ಹಿಡಿದು ತಂದು ಕೊಟ್ಟಳು. ಒಳಗೆ ಕಾಗದ ತುರುಕಿ, ಎಣ್ಣೆ ಸವರಿ, ಫಳಫಳ ಮಾಡಿದ್ದಳು.

ಮರುದಿನ ನಸುಕಿಗೇ ಎದ್ದು ಹಾಲ್‌ನ ಮೂಲೆಯಲ್ಲಿ ಸಾಲಾಗಿ ಇಟ್ಟೆ. ಸುಮಳ ಲ್ಯಾಪ್‌ಟಾಪು, ಕತ್ತರಿ, ಈಳಿಗೆ ಮಣೆ, ಮಿಕ್ಸಿ, ಅನಘಳ ಪುಸ್ತಕಗಳು ಮತ್ತು ಟ್ಯಾಬು, ನಡುವೆ ಚಿಯೊಳ ಬೂಟು. ಹಸಿರು ನಿಶಾನೆಯಂತೆ ಒಂದು ವೀಳ್ಯದೆಲೆ. ಅಗರಬತ್ತಿ ಹಚ್ಚಿದ ಎರಡನೆಯ ನಿಮಿಷಕ್ಕೆ ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಯಂತ್ರ ಕಿರುಚಿಕೊಂಡಿತು. ಸುಮ ಪರೀಕ್ಷೆಯ ಪೇಪರು ಕೈಯಲ್ಲಿ ಹಿಡಿದುಕೊಂಡೇ ಕುರ್ಚಿ ಹತ್ತಿ ಅದಕ್ಕೆ ಗಾಳಿ ಬೀಸಿದಳು. ಕುಂಬಳ ಒಡೆಯುವುದು ಬೇಡವೆಂದು ವಾಚ್‌ಮನ್ ಕೈಮುಗಿದ. ಅದನ್ನು ಮಜ್ಜಿಗೆಹುಳಿಗೆ ಎತ್ತಿಟ್ಟೆವು.

ಮಂಗಳಾರತಿ ಮಾಡಿ ನನ್ನ ಕಾನೂನು ಓದಿದೆ. ಪೂಜೆಗೆ ಕೂತದ್ದನ್ನು ನಾಳೆ ವಿಜಯದಶಮಿಯ ಮರುಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಸುಮ ತಲೆಯ ಮೇಲೆ ಕೈಹೊತ್ತಳು. ‘ಅಕ್ಕ, ನನ್ನ ಮಾರ್ಕ್ಸೆಲ್ಲ ಅದರಲ್ಲೇ ಇದೆ ಕಣೇ, ಇವತ್ತು ಅಪ್‌ಲೋಡ್ ಮಾಡ್ಬೇಕು.’ ದೇವರಿಗಿಂತ ಅಪ್‌ಲೋಡ್ ದೊಡ್ಡದೇ ಎಂದು ಗದರಿಸಿದೆ. ಅನಘ ಮಾತ್ರ ಹೋಮ್‌ವರ್ಕ್ ಮುಟ್ಟುವಂತಿಲ್ಲ ಎಂದು ಕುಣಿದಾಡಿದಳು.

ಇಬ್ಬರೂ ಶಾಲೆಗೆ ಹೋದ ಮೇಲೆ ಚಿಯೊ ಸ್ನಾನ ಮುಗಿಸಿ, ಚೀಲ ಹೆಗಲಿಗೇರಿಸಿ ಬಂದಳು. ಕ್ಲಬ್ಬಿನಲ್ಲಿ ಏನೋ ಕಾಗದಪತ್ರದ ಕೆಲಸವಿತ್ತು, ಬಸ್ಸಿನಲ್ಲಿ ಅಬುಧಾಬಿಗೆ ಹೊರಟಿದ್ದಳು. ಮೂಲೆಯಲ್ಲಿ ಹೂವು ಮುಡಿದು ಕೂತ ಬೂಟಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ನನ್ನ ಕಡೆ ನೋಡಿದಳು. ನಾನು ಕೈಯಾಡಿಸಿ, ತುಟಿಯ ಮೇಲೆ ಬೆರಳಿಟ್ಟು, ಮುಟ್ಟಬಾರದು, ನಾಳೆ, ಟುಮಾರೊ ಎಂದೆ. ಅವಳು ಬೂಟಿಗೆ ಬಗ್ಗಿ ನಮಸ್ಕಾರ ಮಾಡಿದಳು, ನನಗೂ ಮಾಡಿದಳು, ಹೋದಳು. ಎಂಥ ಭಕ್ತಿ ಇವಳದು, ನಮ್ಮ ಸುಮಳಿಗಿಲ್ಲ ಎಂದುಕೊಂಡು ಹೊಟ್ಟೆ ತುಂಬ ಹೋಳಿಗೆ ತಿಂದು ಮಲಗಿದೆ.

ಮೂರು ಗಂಟೆಗೆ ಅನಘ ಬಂದವಳು ಚಪ್ಪಲಿ ಬಿಡುತ್ತಲೇ ಮೂಲೆ ನೋಡಿ ನಿಂತುಬಿಟ್ಟಳು.

‘ದೊಡ್ಡಮ್ಮ, ಚಿಯೊ ಎಲ್ಲಿ?’

ಹೋದಳಲ್ಲ ಅಬುಧಾಬಿಗೆ ಎಂದೆ.

‘ಬೂಟ್ಸ್ ಇಲ್ದೆ ಹೋದ್ರಾ? ಅದನ್ನ ಮಾತ್ರ ನೀವು ಕೊಟ್ಟು ಕಳಿಸ್ತೀರ ಅನ್ಕೊಂಡಿದ್ದೆ. ಟುಡೇ ಈಸ್ ದ ಮ್ಯಾಚ್, ದೊಡ್ಡಮ್ಮ. ದ ಲಾಸ್ಟ್ ಮ್ಯಾಚ್.’

ಮ್ಯಾಚು ಯಾವತ್ತು ಎಂದು ನಾನು ಕೇಳಿಯೇ ಇರಲಿಲ್ಲ. ಪೂಜೆ ನಾಳೆಯವರೆಗೆ ಎಂದು ಮೊದಲೇ ಹೇಳಿಯೂ ಇರಲಿಲ್ಲ. ಸೂಜಿಗೆ ತೋಫುವಿನಲ್ಲಿ ವಿಶ್ರಾಂತಿ ಕೊಡುವ ಊರಿನವಳು, ವಿಶ್ರಾಂತಿಗೆ ಕೂತ ಬೂಟನ್ನು ಎಬ್ಬಿಸುವುದು ಹೇಗೆಂದು ಬಾಯಿ ಬಿಡದೆ, ಮಕ್ಕಳಿಗೆ ಕಲಿಸುವಾಗ ಹಾಕುವ, ಚೀಲದಲ್ಲಿದ್ದ ಚಪ್ಪಟೆ ಶೂ ಹಾಕಿಕೊಂಡು ಆಡಲು ಹೋಗಿದ್ದಳು. ಗಿಡ್ಡ ಕಾಲಿನ ಮೆತ್ತೆ ನನ್ನ ಸೇವಂತಿಗೆಯ ಕೆಳಗೆ ಕೂತಿತ್ತು. ಸಂಜೆ ಐದೂವರೆಗೆ ಆಟ ಶುರು.

ಸುಮಳಿಗೆ ಫೋನ್ ಮಾಡಿದೆ. ಅವಳು ಬೆಳಗಿನ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಪೂಜೆಗೆ ಕೂತದ್ದನ್ನು ನಾಳೆವರೆಗೆ ಮುಟ್ಟುವ ಹಾಗಿಲ್ಲವಲ್ಲ ಅಕ್ಕ ಎಂದಳು. ನಾನು ಫೋನಿಟ್ಟು ಆ ಮೂಲೆಯ ಮುಂದೆ ಕೂತೆ. ಬೂಟು ನನ್ನನ್ನೇ ನೋಡುತ್ತಿತ್ತು. ಗೇಟಿನಲ್ಲಿ ಆಯುಧಪೂಜೆ ಮಾಡಿದಾಗ ನನ್ನ ಕೆಂಪು ಬಾವುಟ, ಹಸಿರು ಬಾವುಟ ಯಾವತ್ತು ಮರುದಿನದವರೆಗೆ ಕೂತಿದ್ದವು? ಕುಂಕುಮ ಒಣಗುವುದರೊಳಗೆ ಫೋನ್ ಬರುತ್ತಿತ್ತು. ಹೂವು ಕೊಡವಿ ಬಾವುಟ ಎತ್ತಿಕೊಂಡು ಹೊರಗೆ ನಿಲ್ಲುತ್ತಿದ್ದೆ. ಕಾಯುವ ಕೆಲಸಕ್ಕೆ ಹಬ್ಬದ ರಜೆ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಿವೃತ್ತಿಯಾದದ್ದು ನಾನು, ಅವಳಿನ್ನೂ ಡ್ಯೂಟಿಯಲ್ಲಿದ್ದಾಳೆ. ಇದನ್ನು ಮರೆತ ನನ್ನ ಬುದ್ಧಿಗೆ ನನಗೇ ನಾಚಿಕೆಯಾಯಿತು.

ಕೈಮುಗಿದು ಬೂಟನ್ನು ಉತ್ತರಕ್ಕೆ ಒಂದಿಷ್ಟು ಕದಲಿಸಿದೆ. ಗಣಪತಿಯನ್ನು ಕಳಿಸುವ ಮೊದಲು ಕದಲಿಸುತ್ತೇವಲ್ಲ, ಹಾಗೆ. ಆಯಿತಮ್ಮ, ಎದ್ದೇಳು ಎಂದೆ.

ಶೇಖ್ ಜಾಯೆದ್ ರಸ್ತೆ: ಹಮೀದನ ವ್ಯಾನು

ಕೆಳಗೆ ಚಹಾದಂಗಡಿ ಇಟ್ಟುಕೊಂಡಿರುವ ಹಮೀದ್ ಬಂಟ್ವಾಳದ ಕಡೆಯವನು. ಅನಘಳೊಡನೆ ಓಡಿಬಂದ ನನ್ನ ಕೈಯಲ್ಲಿ ಹೂವು ಮುಡಿದ ಬೂಟು ಕಂಡು, ‘ಎಂತ ಅಕ್ಕ, ಶೂಗೆ ಮದುವೆಯಾ?’ ಎಂದ. ವಿಷಯ ಹೇಳಿದ್ದೇ ತಡ, ಒಲೆ ಆರಿಸಿ, ಸಹಾಯಕನಿಗೆ ಗಲ್ಲಾ ಬಿಟ್ಟು, ಸಮೋಸ ಸಾಗಿಸುವ ವ್ಯಾನಿನ ಬಾಗಿಲು ತೆರೆದ. ‘ಯಲ್ಲಾ,’ ಎಂದು ಅರಬಿಯಲ್ಲಿ ಅವಸರ ಮಾಡಿದ. ‘ಕೂತ್ಕೊಳ್ಳಿ. ಆ ಚಿಯೊ ಮೇಡಂ ದಿನಾ ನನ್ನ ಅಂಗಡಿಯಲ್ಲಿ ಚಾ ಕುಡಿದು ಗ್ಲಾಸು ತೊಳೆದಿಟ್ಟು ಹೋಗುದು. ಇಷ್ಟು ವರ್ಷದಲ್ಲಿ ಅಂಥ ಗಿರಾಕಿ ಬೇರೆ ಇಲ್ಲ ನನಗೆ.’

ಆ ರಸ್ತೆಯ ಮೇಲೆ ನಾನು ಕಣ್ಣು ಮುಚ್ಚಿದ್ದೇ ಹೆಚ್ಚು. ಅತ್ತ ಆರೇಳು ಸಾಲು, ಇತ್ತ ಆರೇಳು ಸಾಲು, ಎಲ್ಲರಿಗೂ ಅವಸರ. ಮುಂದೆ ಒಂದು ಗೇಟು ಕಂಡಿತು. ಟೋಲ್ ಗೇಟಂತೆ. ಹಮೀದ್ ನಿಧಾನ ಕೂಡ ಮಾಡದೆ ಅದರ ಕೆಳಗೆ ನುಗ್ಗಿಸಿದ. ನಿಲ್ಲಿಸು ಎಂದು ನಾನು ಅವನ ಹೆಗಲಿಗೆ ಬಾರಿಸಿದೆ. ‘ಅಕ್ಕ, ಅದು ನೋಡಿಕೊಂಡೇ ಬರ್ಕೊಳ್ತದೆ, ಮನುಷ್ಯ ಬೇಡ’ ಎಂದ. ಮನುಷ್ಯ ಬೇಡದ ಗೇಟಿನ ಮೇಲೆ ನನ್ನ ಅಭಿಪ್ರಾಯವನ್ನು ಮುಂದಿನ ಅರ್ಧ ಗಂಟೆ ಹೇಳಿದೆ. ಅದನ್ನು ಕೇಳುತ್ತ ಅವನು ಒಂದು ತಿರುವು ತಪ್ಪಿಸಿದ. ಇಲ್ಲಿ ತಪ್ಪಿದ ತಿರುವೆಂದರೆ ಮತ್ತೆ ಸಿಗಲು ಇನ್ನೊಂದು ಊರಿನಷ್ಟು ದೂರ ಹೋಗಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು, ಬೂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗಡಿಯಾರ ಐದೂವರೆ ದಾಟಿತು. ಅನಘ ಕಿಟಕಿಗೆ ಮುಖ ಒತ್ತಿ ಅಳುತ್ತಿದ್ದಳು. ನನಗೂ ಅಳು ಬಂತು.

ಅಬುಧಾಬಿ: ದ್ವಿತೀಯಾರ್ಧ

ಮೈದಾನದ ಬಾಗಿಲಲ್ಲಿ ನಿಜವಾದ ಮನುಷ್ಯನೊಬ್ಬ ಕಾವಲಿಗೆ ನಿಂತಿದ್ದ. ಕೇರಳದವನು. ಆಟಗಾರರ ಕಡೆಗೆ ಬಿಡುವುದಿಲ್ಲ ಎಂದ. ನಾನು ಬೂಟು ಎತ್ತಿ ತೋರಿಸಿದೆ. ಅರಿಶಿನ ಕುಂಕುಮ ನೋಡಿದವನು ಹಿಂದಿಯಲ್ಲಿ, ಪೂಜೆಗೆ ಇಟ್ಟದ್ದೇ ಎಂದ. ಹೌದೆಂದೆ. ಇವತ್ತೇ ಎತ್ತಿದಿರಾ ಎಂದು ಗಾಬರಿಯಿಂದ ಕೇಳಿದ. ನಿನ್ನ ಸೀಟಿ ಪೂಜೆಗೆ ಇಟ್ಟು ಬಂದೆಯಾ ಎಂದು ನಾನು ಕೇಳಿದೆ. ಅವನು ಕೊರಳಲ್ಲಿದ್ದ ಸೀಟಿ ಮುಟ್ಟಿ ನೋಡಿಕೊಂಡು, ಬಾಗಿಲು ತೆರೆದ.

ಅರ್ಧ ಆಟ ಆಗಷ್ಟೇ ಮುಗಿದಿತ್ತು. ಹಲಗೆಯ ಮೇಲೆ ಎದುರಾಳಿಗೆ ಒಂದು, ನಮಗೆ ಸೊನ್ನೆ. ಚಿಯೊ ಹುಲ್ಲಿನ ಮೇಲೆ ಕಾಲು ಚಾಚಿ ಮೊಣಕಾಲಿಗೆ ಐಸು ಒತ್ತಿಕೊಂಡಿದ್ದಳು. ಎದುರಾಳಿಯ ಏಳನೇ ನಂಬರಿನ ಒಬ್ಬಳು ಉದ್ದ ಕಾಲಿನವಳು ಓಡಿ ಬಂದಳಂತೆ, ಚಿಯೊ ತಿರುಗುವಾಗ ಆ ಚಪ್ಪಟೆ ಶೂ ಜಾರಿತಂತೆ, ಚೆಂಡು ದಾಟಿಹೋಯಿತಂತೆ. ಕೊನೆಯ ಮ್ಯಾಚಿನ ಪುಟ ಖಾಲಿ ಉಳಿದಿರಲಿಲ್ಲ. ಅದು ನನ್ನಿಂದ.

ನಾನು ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಚಿಯೊ ಬೂಟು ನೋಡಿದಳು, ನನ್ನನ್ನು ನೋಡಿದಳು. ಇಂಗ್ಲಿಷಿನಲ್ಲಿ ನಾಳೆ ಅಲ್ಲವೇ ಎಂದು ಕೇಳಿದಳು.

‘ನೋ ಟುಮಾರೊ,’ ಎಂದೆ. ‘ಟ್ರೈನ್ ಕಮಿಂಗ್.’

ಅವಳಿಗೆ ಅರ್ಥವಾಯಿತು. ಹೂವು ತೆಗೆದು ನನ್ನ ಕೈಗೆ ಕೊಟ್ಟು, ಕಾಲು ತೂರಿಸಿ, ಲೇಸು ಬಿಗಿದಳು. ಕುಂಕುಮ ಒರೆಸಲಿಲ್ಲ.

ಫುಟ್‌ಬಾಲ್ ನನಗೆ ತಿಳಿಯದು. ಎಲ್ಲರೂ ಚೆಂಡನ್ನು ನೋಡುತ್ತಿದ್ದರು, ನಾನು ಚಿಯೊಳನ್ನು ನೋಡಿದೆ. ಅವಳು ಹೆಚ್ಚು ಓಡುವುದಿಲ್ಲ. ಒಂದು ಹೆಜ್ಜೆ ಎಡಕ್ಕೆ, ಎರಡು ಹಿಂದಕ್ಕೆ, ಪಕ್ಕದವಳಿಗೆ ಕೈಸನ್ನೆ. ಏಳನೇ ನಂಬರಿನವಳು ಬಂದಾಗಲೆಲ್ಲ ದಾರಿಯಲ್ಲಿ ಚಿಯೊ ಮೊದಲೇ ನಿಂತಿರುತ್ತಿದ್ದಳು. ನಡುವೆ ನಮ್ಮ ಕಡೆಯ ಒಬ್ಬ ಹುಡುಗಿ ಗೋಲು ಹೊಡೆದು ಸಮ ಮಾಡಿದಳು. ಹಮೀದ್ ಸಮೋಸದ ತಟ್ಟೆ ಬಡಿದ.

ಕೊನೆಯ ನಿಮಿಷಗಳಲ್ಲಿ ನಮ್ಮವರಿಗೆ ಮೂಲೆಯಿಂದ ಒದೆಯುವ ಅವಕಾಶ ಸಿಕ್ಕಿತು. ತಂಡವೆಲ್ಲ ಎದುರಾಳಿಯ ಗೋಲಿನ ಮುಂದೆ ಸೇರಿತು. ಎಲ್ಲರೂ ಚಿಯೊ ಬಾ, ಚಿಯೊ ಬಾ ಎಂದು ಕೂಗಿದರು. ಇಷ್ಟು ವರ್ಷ ಆಡಿ ಒಂದು ಗೋಲೂ ಇಲ್ಲ, ಹೋಗುವ ಮೊದಲು ಒಂದಾದರೂ ಆಗಲಿ ಎಂದು ಅವರ ಪ್ರೀತಿ. ಅನಘ ಕೂಡ ಗಂಟಲು ಹರಿಯುವಂತೆ ಕೂಗಿದಳು. ಚಿಯೊ ಕೈಯೆತ್ತಿ ನಮಸ್ಕಾರ ಮಾಡಿ ಅಲ್ಲೇ ನಿಂತಳು. ಮೈದಾನದ ನಡುವೆ ಏಳನೇ ನಂಬರಿನವಳು ಒಬ್ಬಳೇ ನಿಂತಿದ್ದಳು, ಅವಳ ಪಕ್ಕದಲ್ಲಿ ಇವಳು.

ಒದ್ದ ಚೆಂಡನ್ನು ಎದುರಾಳಿಯ ಗೋಲು ಕಾಯುವವಳು ಹಿಡಿದು ಬೀಸಿ ಎಸೆದಳು. ಉದ್ದ ಕಾಲಿನವಳು ಹೊರಟಳು. ಮುಂದೆ ಅರ್ಧ ಮೈದಾನ ಖಾಲಿ, ನಡುವೆ ಚಿಯೊ ಒಬ್ಬಳೇ. ಚೆಂಡಿನ ಮೇಲೆ ಬೀಳುತ್ತಾಳೆ ಎಂದುಕೊಂಡೆ. ಇಲ್ಲ, ಎದುರಿಗೆ ನಿಂತು ಹಿಂದೆ ಹಿಂದೆ ಸರಿದಳು. ಅವಳನ್ನು ಸ್ವಲ್ಪ ಸ್ವಲ್ಪವೇ ಗೆರೆಯ ಕಡೆಗೆ ಒತ್ತಿಕೊಂಡು ಹೋದಳು, ದನವನ್ನು ಹಳಿಯಿಂದ ಆಚೆ ತಿರುಗಿಸುವ ಹಾಗೆ. ಉಳಿದವರು ಓಡಿ ಬರುವಷ್ಟು ಹೊತ್ತು ತಡೆದಳು. ಆಗ ಕಾಲು ಚಾಚಿದಳು. ಚೆಂಡು ಗೆರೆಯ ಹೊರಗೆ ಹೋಯಿತು. ಸೀಟಿ ಊದಿದರು. ಆಟ ಮುಗಿಯಿತು, ಒಂದಕ್ಕೆ ಒಂದು.

ಏನೂ ಆಗಲಿಲ್ಲ. ಆದ್ದರಿಂದ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೊಬ್ಬಳು ಎದ್ದು ನಿಂತು, ಸೆರಗಿನ ತುದಿ ಹಿಡಿದು, ರೈಲು ಸುರಕ್ಷಿತವಾಗಿ ದಾಟಿದಾಗ ಬೀಸುವ ಹಾಗೆ ಬೀಸಿದೆ. ನನ್ನ ಸೀರೆ ಹಸಿರಿನದಲ್ಲ, ಆದರೂ ಬೀಸಿದೆ.

ವಾಪಸು: ವ್ಯಾನಿನ ಹಿಂದಿನ ಸೀಟು

ಮರಳುವಾಗ ಸಮೋಸದ ಪೆಟ್ಟಿಗೆಗಳ ನಡುವೆ ನಾವು ಮೂವರು ಹಿಂದೆ ಕೂತಿದ್ದೆವು. ಚಿಯೊ ಒಳದೀಪ ಹಾಕಿಸಿಕೊಂಡು ನೋಟ್‌ಬುಕ್ ತೆರೆದು ಒಂದೇ ಸಾಲು ಬರೆದಳು. ಏನು ಬರೆದಳು ಎಂದು ಅನಘಳನ್ನು ಕೇಳಿದೆ. ಮೊದಲ ಅರ್ಧ, ಬಲಗಡೆ, ಒಂದು ದಾಟಿತು, ನಾನು ಒಂದು ಹೆಜ್ಜೆ ತಡವಾದೆ ಎಂದು.

ಅದು ಸುಳ್ಳು, ತಪ್ಪು ನನ್ನದು, ಮುದುಕಿ ಬೂಟನ್ನು ಪೂಜೆಗೆ ಕೂರಿಸಿದಳು ಎಂದು ಬರೆ ಎಂದೆ. ಚಿಯೊ ತಲೆಯಾಡಿಸಿದಳು. ಬೂಟು ಇಲ್ಲದಿದ್ದರೂ ಹೆಜ್ಜೆ ನನ್ನದೇ, ಇಲ್ಲಿ ಬೇರೆಯವರ ಹೆಸರು ಬರೆಯುವುದಿಲ್ಲ ಎಂದಳು. ಆಮೇಲೆ ನನ್ನನ್ನು ಸಮಾಧಾನ ಮಾಡಲು ಅನಘಳ ಮೂಲಕ ಹೇಳಿಸಿದಳು. ಇಪ್ಪತ್ತೊಂಬತ್ತು ವರ್ಷ ಒಂದನ್ನೂ ಬಿಡದವರು ನೋಡುತ್ತಿದ್ದರಲ್ಲ, ಅದಕ್ಕೇ ಎರಡನೆಯ ಅರ್ಧ ಚೆನ್ನಾಗಿ ಆಡಿದೆ ಎಂದು.

ನಾನು ಕಿಟಕಿಯ ಹೊರಗೆ ನೋಡಿದೆ. ಇನ್ನು ತಡೆಯಲಾಗಲಿಲ್ಲ.

‘ಅನಘ, ಸರಿಯಾಗಿ ಹೇಳಮ್ಮ ಅವಳಿಗೆ,’ ಎಂದೆ. ‘ಒಂದನ್ನೂ ಬಿಟ್ಟಿಲ್ಲ ಅನ್ನೋದು ಸುಳ್ಳು. ಒಂದು ಆಡು.’

ಅನಘ ಫಕ್ಕನೆ ನಕ್ಕಳು. ‘ವಾಟ್? ಗೋಟ್?’

ಹೌದು, ಆಡು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಇದೇ ಆಯುಧಪೂಜೆಯ ದಿನ. ಗೇಟು ಹಾಕಿದ್ದೆ. ಆದರೆ ಗೇಟಿನ ಕೋಲು ಮನುಷ್ಯರಿಗೆ, ಗಾಡಿಗೆ. ಆಡಿಗೆ ಅದು ಲೆಕ್ಕವಿಲ್ಲ, ಅದರ ಕೆಳಗೇ ನುಸುಳುತ್ತದೆ. ಆಡನ್ನು ಅಟ್ಟಬೇಕಾದವಳು ಬಾವುಟ ಹಿಡಿದು ಹೊರಗೆ ನಿಂತ ನಾನು. ಅವತ್ತು ಬಾವುಟ ಪೂಜೆಗೆ ಕೂತಿತ್ತು. ಆರತಿ ಮುಗಿಸಿಯೇ ಎತ್ತುತ್ತೇನೆ ಎಂದು ಎರಡು ನಿಮಿಷ ಒಳಗೇ ಉಳಿದೆ. ಹೊರಗೆ ಬರುವಷ್ಟರಲ್ಲಿ ಆಗಿಹೋಗಿತ್ತು. ಪಕ್ಕದ ಹಟ್ಟಿಯ ಸಿದ್ದಮ್ಮನ ಆಡು. ಅವಳು ಮೂರು ದಿನ ಅದರ ಹೆಸರು ಕೂಗುತ್ತ ತಿರುಗಿದಳು. ಗೇಟಿಗೂ ಬಂದು ಕೇಳಿದಳು. ನಾನು ಕಂಡಿಲ್ಲವೆಂದೆ. ಕೆಲಸ ಹೋಗುವ ಹೆದರಿಕೆ. ರಿಜಿಸ್ಟರಿನಲ್ಲಿ ‘ವಿಶೇಷವೇನಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆಮೇಲಿನ ಯಾವ ಆಯುಧಪೂಜೆಯಲ್ಲೂ ಕುಂಕುಮ ಒಣಗುವವರೆಗೆ ನಾನು ಕಾದಿಲ್ಲ. ಸಿದ್ದಮ್ಮ ಈಗಿಲ್ಲ. ಸಾಹೇಬರು ಕೊಟ್ಟ ಆ ಗಡಿಯಾರವನ್ನು ನೋಡಿದಾಗಲೆಲ್ಲ ನನಗೆ ಆಡು ನೆನಪಾಗುತ್ತದೆ.

ನಗುತ್ತಲೇ ಭಾಷಾಂತರ ಮಾಡಲು ಶುರುಮಾಡಿದ ಅನಘ ಕೊನೆಯಲ್ಲಿ ಮೆತ್ತಗೆ ಹೇಳುತ್ತಿದ್ದಳು. ಮುಂದೆ ಹಮೀದ್ ರೇಡಿಯೊ ಆರಿಸಿದ.

ಆ ಆಡಿನ ಹೆಸರೇನು ಎಂದು ಚಿಯೊ ಕೇಳಿದಳು. ಕೆಂಪಿ ಎಂದೆ. ಮೂವತ್ತು ವರ್ಷವಾಯಿತು, ನಾಲಿಗೆಯ ತುದಿಯಲ್ಲೇ ಇತ್ತು.

ಅವಳು ನೋಟ್‌ಬುಕ್ಕನ್ನು ತಿರುಗಿಸಿ, ಪೆನ್ನಿನ ಜೊತೆ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. ತಾನು ಬರೆದ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದಳು. ಇನ್ನೊಬ್ಬರ ಹೆಸರು ಬರೆಯದ ಆ ಪುಸ್ತಕದಲ್ಲಿ ನನಗೆ ಜಾಗ ಕೊಟ್ಟಿದ್ದಳು. ವ್ಯಾನು ಕುಲುಕುತ್ತಿತ್ತು. ಆದರೂ ರಿಜಿಸ್ಟರಿನ ಅಕ್ಷರದಲ್ಲೇ, ಗುಂಡಗೆ, ಬರೆದೆ.

‘ಸಿದ್ದಮ್ಮನ ಆಡು ಕೆಂಪಿ. ನಾನು ತಡವಾದೆ.’

ಕೆಳಗೆ ಸಹಿ ಹಾಕಿದೆ.